ಹೊಂಗೆ ಮರದಡಿ ಓದಿದ ಲೆಕ್ಕ

ಸರ್ಕಾರಿ ಪದವಿ ಕಾಲೇಜಿನ ಶುಲ್ಕದ ರಸೀದಿಯನ್ನು ಕೊನೆಯ ಸಾಲಿನವರೆಗೆ ಓದುವವರು ಕಡಿಮೆ. ಒಟ್ಟು ಎಷ್ಟು ಎಂದು ನೋಡುತ್ತೇವೆ, ಕಟ್ಟುತ್ತೇವೆ, ಮಡಚಿ ಜೇಬಿಗಿಡುತ್ತೇವೆ. ನನ್ನ ಕಾಲದ ಆ ತೆಳು ಕಾಗದದಲ್ಲಿ ಉದ್ದನೆಯ ಪಟ್ಟಿಯೇ ಇರುತ್ತಿತ್ತು: ಗ್ರಂಥಾಲಯ, ವಾಚನಾಲಯ, ಕ್ರೀಡೆ, ವೈದ್ಯಕೀಯ ತಪಾಸಣೆ, ಕಾಲೇಜು ಸಂಚಿಕೆ, ಗುರುತಿನ ಚೀಟಿ, ವಿದ್ಯಾರ್ಥಿ ಕ್ಷೇಮನಿಧಿ, ಕೊನೆಗೆ ಕಾಲೇಜು ಅಭಿವೃದ್ಧಿ ಸಮಿತಿಯ ಬಾಬ್ತು. ಒಂದೊಂದೂ ಸಣ್ಣ ಮೊತ್ತವೇ. ಆದರೆ ಶೇಂಗಾ ಮಾರಿದ ದುಡ್ಡಿನಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ ಎಲ್ಲ ಕೂಡಿದ ಮೊತ್ತ ಸಣ್ಣದಾಗಿರಲಿಲ್ಲ.

2008ರಲ್ಲಿ ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ನಾನು ಬಿ.ಎ.ಗೆ ಸೇರಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎರಡನೆಯ ವರ್ಷದ ಶುಲ್ಕ ಕಟ್ಟಿ ಬಂದ ದಿನ, ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ನಮ್ಮ ತರಗತಿಯ ಹುಡುಗಿಯೊಬ್ಬಳು ರಸೀದಿ ಹಿಡಿದು ಕೇಳಿದಳು: "ನಮ್ಮ ಕಾಲೇಜಲ್ಲಿ ವಾಚನಾಲಯ ಎಲ್ಲಿದೆ?" ಯಾರಿಗೂ ಗೊತ್ತಿರಲಿಲ್ಲ. ವೈದ್ಯಕೀಯ ತಪಾಸಣೆ ಯಾವಾಗ ಆಯಿತು? ಅದೂ ಯಾರಿಗೂ ನೆನಪಿರಲಿಲ್ಲ. ನಮ್ಮ ಸೀನಿಯರ್‌ಗಳನ್ನು ಕೇಳಿದೆವು. ಅವರು ಕಾಲೇಜಿನಲ್ಲಿದ್ದ ಮೂರು ವರ್ಷದಲ್ಲಿ ಒಬ್ಬ ಡಾಕ್ಟರೂ ಬಂದಿರಲಿಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ಬಂದು ಹತ್ತರ ತರಗತಿಗೆ ಕಾಯುವ ಹುಡುಗಿಗೆ ವಾಚನಾಲಯ ಎಂದರೆ ಎರಡು ಗಂಟೆ ಕೂರುವ ಜಾಗ. ಅದಕ್ಕೇ ಆ ಪ್ರಶ್ನೆ ಅವಳ ಬಾಯಲ್ಲಿ ಮೊದಲು ಬಂತು ಎಂದು ನನಗೆ ಆಮೇಲೆ ಅರ್ಥವಾಯಿತು.

ಪ್ರಶ್ನೆ ಹುಟ್ಟಿತು, ಆದರೆ ಅದನ್ನು ಆಫೀಸಿಗೆ ಒಯ್ದು ಕೇಳುವವರು ಯಾರು? ಹೊರಗಿನವರಿಗೆ ಇದು ಅಂಜಿಕೆ ಎಂದು ಕಾಣಬಹುದು. ಅಂಜಿಕೆ ಇತ್ತು, ಆದರೆ ಅದಕ್ಕಿಂತ ದೊಡ್ಡದು ಸಂಕೋಚ. ನಮ್ಮ ಊರುಗಳಲ್ಲಿ ಕಂಟ್ರಾಕ್ಟರನ ಹತ್ತಿರ ಲೆಕ್ಕ ಕೇಳಬಹುದು, ಪಂಚಾಯ್ತಿ ಮೆಂಬರನ ಹತ್ತಿರ ಜಗಳವಾಡಿ ಕೇಳಬಹುದು. ಮೇಷ್ಟರ ಹತ್ತಿರ ಕೇಳುವುದು ಹೇಗೆ? ಮನೆಯಲ್ಲಿ ವಿಷಯ ಎತ್ತಿದಾಗ ಅಪ್ಪ ಸಿಟ್ಟಾಗಲಿಲ್ಲ, ನೊಂದುಕೊಂಡರು. "ಅಕ್ಷರ ಕಲಿಸೋರು ಕಣಪ್ಪ ಅವ್ರು. ಅವ್ರತ್ರ ಹೋಗಿ ಲೆಕ್ಕ ಕೇಳ್ತೀಯಾ?" ಎಂದರು. ಗುಂಪು ಕಟ್ಟುವಾಗ ನಮಗೆ ಎದುರಾದ ಎಲ್ಲ ಅಡ್ಡಿಗಳಿಗಿಂತ ಈ ಮಾತೇ ಭಾರವಾಗಿತ್ತು. ಅದು ಕೆಟ್ಟ ಮಾತಲ್ಲ. ಅದರಲ್ಲಿ ನಿಜವಾದ ಗೌರವವಿದೆ. ಆ ಗೌರವವನ್ನು ಕಳೆದುಕೊಳ್ಳದೆ ಲೆಕ್ಕ ಕೇಳುವ ದಾರಿ ಹುಡುಕಬೇಕಿತ್ತು.

ದಾರಿ ತೋರಿಸಿದವರು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕರು. 2005ರ ಮಾಹಿತಿ ಹಕ್ಕು ಕಾಯ್ದೆಯ ಪಾಠ ಅವರ ಪಾಲಿಗೆ ಬಂದಿತ್ತು. ಆ ವರ್ಷದ ಅಕ್ಟೋಬರ್ 12ಕ್ಕೆ ಕಾಯ್ದೆ ಜಾರಿಗೆ ಬಂತು ಎಂದು ನೋಟ್ಸ್ ಬರೆಸಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರಾಜಸ್ಥಾನದ ಕಥೆ ಹೇಳಿದರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಕಾರರು ಸೇರಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್, 1994ರಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರನ್ನು ಸೇರಿಸಿ ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಗಟ್ಟಿಯಾಗಿ ಓದಿಸಿದ್ದು. ಓದಿದ ಹೆಸರಿನವರೇ ಎದ್ದು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ, ನನಗೆ ಆ ಕೂಲಿ ಬಂದೇ ಇಲ್ಲ ಎಂದು ಹೇಳಿದ್ದು. 1996ರಲ್ಲಿ ಬ್ಯಾವರ್ ಪೇಟೆಯಲ್ಲಿ ನಲವತ್ತು ದಿನ ಧರಣಿ ಕೂತಿದ್ದು. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದು ಅವರ ಘೋಷಣೆ. ಕೇಂದ್ರದ ಕಾನೂನಿಗೂ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತೆಂದೂ ಅವರೇ ಹೇಳಿದ್ದು. ಅಕ್ಷರ ಬಾರದ ಕೂಲಿಯವರು ಹಾಜರಿ ಪಟ್ಟಿ ಓದಿಸಿ ಕೇಳಬಹುದಾದರೆ, ಬಿ.ಎ. ಓದುವ ನಾವು ನಮ್ಮ ರಸೀದಿ ಓದಬಾರದೇ? ಅವತ್ತು ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಅದೇ ಮಾತು.

ಏಳೆಂಟು ಜನ ಸೇರಿದೆವು. ಮೂವರು ಹುಡುಗಿಯರು, ಉಳಿದವರು ಹುಡುಗರು. ಕಾಲೇಜಿನಲ್ಲಿ ವಿದ್ಯಾರ್ಥಿ ಚುನಾವಣೆ ಇರಲಿಲ್ಲ. ಹೆಚ್ಚು ಅಂಕ ತೆಗೆದವರನ್ನು ಅಧ್ಯಾಪಕರೇ ತರಗತಿಯ ಪ್ರತಿನಿಧಿ ಎಂದು ಮಾಡುತ್ತಿದ್ದರು. ಅವರು ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಕೂರುತ್ತಿದ್ದರು, ಅಷ್ಟೇ. ಹೊರಗಿನ ಸಂಘಟನೆಗಳವರು ಬಂದು ತಮ್ಮ ಬ್ಯಾನರಿನಡಿ ಸೇರಿರೆಂದರು. ಬೇಡವೆಂದೆವು. ಆ ಸಂಘಟನೆಗಳ ಮೇಲೆ ನನಗೆ ದ್ವೇಷವಿರಲಿಲ್ಲ. ಆದರೆ ಬ್ಯಾನರು ಬಂದ ದಿನದಿಂದ ಪ್ರಶ್ನೆಗಿಂತ ಪಕ್ಷ ದೊಡ್ಡದಾಗುತ್ತದೆ ಎಂದು ನಮಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ. ನಮ್ಮ ಗುಂಪಿಗೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಒಂದೇ ಕಟ್ಟುನಿಟ್ಟು: ಪೋಸ್ಟಲ್ ಆರ್ಡರಿಗೆ, ಜೆರಾಕ್ಸಿಗೆ, ಬಸ್ಸಿಗೆ ನಾವು ಸೇರಿಸಿದ ದುಡ್ಡಿನ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಇರಬೇಕು, ಆ ನೋಟ್‌ಬುಕ್ ಗ್ರಂಥಾಲಯದ ಮೇಜಿನ ಮೇಲೆ ಯಾರು ಬೇಕಾದರೂ ನೋಡುವಂತೆ ಇರಬೇಕು. ಲೈಬ್ರರಿಯನ್ ಮೇಡಂ ಒಪ್ಪಿ ಜಾಗ ಕೊಟ್ಟರು. ಎಷ್ಟೋ ಹುಡುಗರು ಮೊದಲು ಆ ನೋಟ್‌ಬುಕ್ ನೋಡಿದ ಮೇಲೆಯೇ ನಮ್ಮ ಮಾತು ಕೇಳಲು ಬಂದರು.

ಮೊದಲ ಅರ್ಜಿ ಬರೆಯುವುದೇ ಒಂದು ಪಾಠವಾಯಿತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಾವು ಬರೆದ ಮೊದಲ ಕರಡು ಎರಡು ಪುಟ ಇತ್ತು. ಅದರ ತುಂಬ ಏಕೆ, ಯಾರು, ಇದು ನ್ಯಾಯವೇ ಎಂಬ ಮಾತುಗಳು. ನಮ್ಮ ರಾಜ್ಯಶಾಸ್ತ್ರದ ಮೇಷ್ಟರು ಪೆನ್ನು ಹಿಡಿದು ಹೊಡೆದು ಹಾಕುತ್ತಾ ಹೋದರು. "ಏಕೆ ಅಂತ ಕೇಳಿದ್ರೆ ಅವರು ಉತ್ತರ ಕೊಡಬೇಕಿಲ್ಲ. ಕಾಗದ ಕೇಳಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಂಥ ಬಾಬ್ತಿನಲ್ಲಿ ವಸೂಲಾದ ಮೊತ್ತ, ಖರ್ಚಾದ ಮೊತ್ತ, ನಗದು ಪುಸ್ತಕದ ಪ್ರತಿ, ವೋಚರ್ ಪ್ರತಿ. ಅಷ್ಟೇ." ಆ ಪೆನ್ನಿನ ಗೆರೆಗಳು ನನಗೆ ಬರವಣಿಗೆ ಕಲಿಸಿದವು ಎಂದರೆ ಉತ್ಪ್ರೇಕ್ಷೆಯಲ್ಲ. ಸಿಟ್ಟನ್ನೆಲ್ಲ ತೆಗೆದು ಹಾಕಿದ ಮೇಲೆ ಉಳಿದ ನಾಲ್ಕು ಸಾಲು ಸಿಟ್ಟಿಗಿಂತ ಗಟ್ಟಿಯಾಗಿದ್ದವು. ಅಪ್ಪನ ಮಾತಿಗೂ ಅಲ್ಲಿಯೇ ಉತ್ತರ ಸಿಕ್ಕಿತು. ಕಾಗದ ತೋರಿಸಿ ಎಂದು ಕೇಳುವುದರಲ್ಲಿ ಯಾರ ಮೇಲೂ ಆರೋಪವಿಲ್ಲ. ಏಕೆ ಬೇಕು ಎಂದು ಅರ್ಜಿದಾರ ಹೇಳಬೇಕಾಗಿಲ್ಲ ಎಂದು ಕಾನೂನೇ ಹೇಳುತ್ತದೆ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಆಫೀಸಿಗೆ ಕೊಟ್ಟೆವು. ಟಪಾಲಿನವರು ತೆಗೆದುಕೊಳ್ಳಲಿಲ್ಲ. "ಸಾಹೇಬರನ್ನ ಕೇಳ್ಕೊಂಡು ಬನ್ನಿ" ಎಂದರು. ಸಾಹೇಬರು ಮೀಟಿಂಗಿನಲ್ಲಿದ್ದರು. ಎದುರಿಗಿದ್ದ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಮಾಹಿತಿ ಕೊಡಲು 30 ದಿನ ಅವಕಾಶ. ಆ ದಿನಗಳಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಸ್ಟಾಫ್ ರೂಮಿಗೆ ಕರೆಸಿದರು. ಇಂಟರ್ನಲ್ ಮಾರ್ಕ್ಸ್ ನೆನಪಿದೆಯಾ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಮೆಲ್ಲಗೆ, "ಒಳ್ಳೇ ಕೆಲಸ ಮಾಡಿದ್ದೀರಿ, ನನ್ನ ಹೆಸರು ಎಲ್ಲೂ ಎತ್ತಬೇಡಿ" ಎಂದರು. ಅವಧಿ ಮುಗಿದರೂ ಉತ್ತರ ಬರಲಿಲ್ಲ. ಪ್ರಾದೇಶಿಕ ಕಚೇರಿಗೆ ಮೊದಲ ಮೇಲ್ಮನವಿ ಹಾಕಿದೆವು. ಆಮೇಲೆ ಕಾಲೇಜಿನಿಂದಲೇ ಕರೆ ಬಂತು: ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ, ಪ್ರತಿ ತೆಗೆದುಕೊಂಡು ಹೋಗಿ.

ಕಟ್ಟಿನಲ್ಲಿ ಏನಿತ್ತು? ಕಳ್ಳತನ ಹಿಡಿಯುತ್ತೇವೆ ಎಂದು ನಮ್ಮಲ್ಲಿ ಕೆಲವರು ಕಾದಿದ್ದರು. ಅಲ್ಲಿದ್ದದ್ದು ಬೇರೆ. ವೈದ್ಯಕೀಯ ತಪಾಸಣೆಯ ಬಾಬ್ತಿನಲ್ಲಿ ವರ್ಷ ವರ್ಷವೂ ದುಡ್ಡು ಜಮಾ ಆಗಿದೆ, ಖರ್ಚಿನ ಕಾಲಮ್ಮಿನಲ್ಲಿ ಅಡ್ಡಗೆರೆ. ವಾಚನಾಲಯದ್ದೂ ಹಾಗೇ. ಹಣ ಖಾತೆಯಲ್ಲೇ ಇದೆ. ಯಾರೂ ತಿಂದಿಲ್ಲ, ಯಾರೂ ಬಳಸಿಲ್ಲ. ಖರ್ಚು ಮಾಡಿದರೆ ಕೊಟೇಶನ್ ಕರೆಯಬೇಕು, ಸಮಿತಿಯ ಒಪ್ಪಿಗೆ ಬೇಕು, ಆಡಿಟ್ಟಿನವರ ಆಕ್ಷೇಪಣೆಗೆ ಉತ್ತರ ಕೊಡಬೇಕು. ಸುಮ್ಮನಿದ್ದರೆ ಯಾರೂ ಏನೂ ಕೇಳುವುದಿಲ್ಲ. ಕದ್ದವನು ಸಿಕ್ಕಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ. ಆದರೆ ನಮ್ಮ ಸಾರ್ವಜನಿಕ ಸಂಸ್ಥೆಗಳಲ್ಲಿ ಕಳ್ಳತನದಷ್ಟೇ ಹಾನಿ ಮಾಡುವುದು ಈ ಸುಮ್ಮನಿರುವಿಕೆ ಎಂದು ನಾನು ನಂಬಿದ್ದೇನೆ. ಕೇಳುವವರಿಲ್ಲದ ಕಡೆ ಒಳ್ಳೆಯ ಮನುಷ್ಯರೂ ಕೈಕಟ್ಟಿ ಕೂರುತ್ತಾರೆ.

ಆ ಕಾಗದಗಳನ್ನು ಏನು ಮಾಡುವುದು? ಪತ್ರಿಕೆಗೆ ಕೊಡೋಣ ಎಂದು ಒಬ್ಬ ಹೇಳಿದ. ರಸೀದಿಯ ಪ್ರಶ್ನೆ ಎತ್ತಿದ್ದ ಹುಡುಗಿ ಬೇಡವೆಂದಳು: "ರಾಜಸ್ಥಾನದಲ್ಲಿ ಮಾಡಿದ ಹಾಗೆ ಓದೋಣ. ಪೇಪರಿಗೆ ಕೊಟ್ರೆ ಊರಿನವರು ಓದ್ತಾರೆ. ದುಡ್ಡು ಕಟ್ಟಿದೋರು ನಾವು, ಮೊದಲು ನಾವು ಕೇಳಬೇಕು." ಸೈಕಲ್ ಸ್ಟ್ಯಾಂಡಿನ ಪಕ್ಕ ದೊಡ್ಡ ಹೊಂಗೆ ಮರವಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ನಿಂತು ಓದಿದೆವು. ವರ್ಷ, ಬಾಬ್ತು, ಜಮಾ, ಖರ್ಚು. ಬೇರೆ ಒಂದು ಮಾತೂ ಸೇರಿಸಲಿಲ್ಲ. ಮೊದಲು ಬುತ್ತಿ ಬಿಚ್ಚಿ ಕೂತಿದ್ದವರಷ್ಟೇ ಕೇಳಿಸಿಕೊಂಡರು. "ವೈದ್ಯಕೀಯ ತಪಾಸಣೆ, ಖರ್ಚು ಇಲ್ಲ" ಎಂಬ ಸಾಲು ವರ್ಷದಿಂದ ವರ್ಷಕ್ಕೆ ಬರುತ್ತಾ ಹೋದಂತೆ ಜನ ಎದ್ದು ಹತ್ತಿರ ಬಂದರು. ಕಾಮರ್ಸಿನ ಹುಡುಗರು ಕೂಡಿ ಕಳೆದು ಒಟ್ಟು ಹೇಳಿದರು.

ಪ್ರಾಂಶುಪಾಲರು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ. ಓದು ಮುಗಿದ ಮೇಲೆ ನಮ್ಮನ್ನು ಕರೆಸಿದರು. ನಿವೃತ್ತಿಗೆ ಹತ್ತಿರವಾಗಿದ್ದವರು, ಆ ಕಾಲೇಜಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಹೋದೆವು. ಅವರು ಕೂರಿಸಿ, "ಇದನ್ನ ನನ್ನ ಮುಂದೆ ಮೊದಲೇ ಇಡಬಹುದಿತ್ತಲ್ಲಮ್ಮ?" ಎಂದರು. ಅರ್ಜಿ ಅವರ ಹೆಸರಿಗೇ ಹೋಗಿತ್ತು, ಸಾರ್ವಜನಿಕ ಮಾಹಿತಿ ಅಧಿಕಾರಿ ಅವರೇ. ಹುಡುಗಿ ಅದನ್ನೇ ಹೇಳಿದಳು, ಬಹಳ ವಿನಯದಿಂದ: "ಇಟ್ಟಿದ್ವಿ ಸಾರ್. ರಿಜಿಸ್ಟರ್ಡ್ ಪೋಸ್ಟಲ್ಲಿ." ಅವರು ಸೂಪರಿಂಟೆಂಡೆಂಟರನ್ನು ಕರೆದು ಕಡತ ತರಿಸಿದರು. ಆ ತಿಂಗಳೇ ತಾಲ್ಲೂಕು ಆಸ್ಪತ್ರೆಗೆ ಪತ್ರ ಹೋಯಿತು.

ತಪಾಸಣೆಯ ದಿನವನ್ನು ನಾನು ಮರೆಯಲಾರೆ. ಆಡಿಯೋ ವಿಶುವಲ್ ರೂಮಿನಲ್ಲಿ ಪರದೆ ಕಟ್ಟಿ, ಲೇಡಿ ಡಾಕ್ಟರ್ ಒಬ್ಬರು ಹುಡುಗಿಯರನ್ನು ನೋಡಿದರು. ಕಣ್ಣು, ತೂಕ, ರಕ್ತ. ಸಂಜೆ ಅವರು ಅಧ್ಯಾಪಕರ ಮುಂದೆ ಹೇಳಿದ ಮಾತು ಇದು: ಬಹಳ ಹುಡುಗಿಯರಿಗೆ ರಕ್ತಹೀನತೆ ಇದೆ, ಕೆಲವರಿಗೆ ಹಿಮೋಗ್ಲೋಬಿನ್ ಕಳವಳವಾಗುವಷ್ಟು ಕಡಿಮೆ ಇದೆ. ತರಗತಿಯಲ್ಲಿ ತಲೆಸುತ್ತಿ ಬೀಳುತ್ತಿದ್ದ ಹುಡುಗಿಯೊಬ್ಬಳನ್ನು ನಾವೆಲ್ಲ ಉಪವಾಸ ಮಾಡುತ್ತಾಳೆ ಎಂದುಕೊಂಡಿದ್ದೆವು. ಅರ್ಥಶಾಸ್ತ್ರದ ಮೇಡಂ ಮಾರನೆಯ ದಿನ ಪಾಠ ನಿಲ್ಲಿಸಿ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಬಗ್ಗೆ ಹೇಳಿದರು: ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಆ ಅಂಕಿ ಪುಸ್ತಕದಲ್ಲಿತ್ತು. ನಮ್ಮ ಬೆಂಚಿನಲ್ಲೂ ಇತ್ತು. ಅದನ್ನು ಪತ್ತೆ ಹಚ್ಚಲು ಬೇಕಾದ ದುಡ್ಡು ವರ್ಷಗಟ್ಟಲೆ ಬ್ಯಾಂಕಿನಲ್ಲಿ ಮಲಗಿತ್ತು. ಕಬ್ಬಿಣಾಂಶದ ಮಾತ್ರೆಗಳನ್ನು ಆಸ್ಪತ್ರೆಯವರು ಪುಕ್ಕಟೆ ಕೊಟ್ಟರು. ಲೆಕ್ಕ ಕೇಳುವುದು ಬರೀ ಕಾಗದದ ಕೆಲಸ ಎಂದು ಆಮೇಲೆ ಯಾರಾದರೂ ಹೇಳಿದರೆ ನನಗೆ ಆ ಪರದೆ ಕಟ್ಟಿದ ಕೋಣೆ ಕಣ್ಣಿಗೆ ಬರುತ್ತದೆ.

ಅಲ್ಲಿಂದ ಮುಂದೆ ಗುಂಪು ದೊಡ್ಡದಾಯಿತು, ಜಗಳಗಳೂ ಬಂದವು. ಅತ್ಯಂತ ಕಾವೇರಿದ ಚರ್ಚೆ ಅಧ್ಯಾಪಕರ ಹಾಜರಿಯದು. ಎಷ್ಟೋ ತರಗತಿಗಳು ನಡೆಯುತ್ತಿರಲಿಲ್ಲ. ಹಾಜರಿ ಪುಸ್ತಕದ ಪ್ರತಿ ತೆಗೆಸಿ ಅದನ್ನೂ ಮರದಡಿ ಓದೋಣ ಎಂದು ಹೊಸಬರು ಪಟ್ಟು ಹಿಡಿದರು. ಮೇಲ್ನೋಟಕ್ಕೆ ನ್ಯಾಯವಾದ ಬೇಡಿಕೆ. ಆದರೆ ಖಾಲಿ ಹೋಗುತ್ತಿದ್ದ ತರಗತಿಗಳಲ್ಲಿ ಹೆಚ್ಚಿನವು ಅತಿಥಿ ಉಪನ್ಯಾಸಕರವು. ನಮ್ಮ ಕಾಲೇಜಿನ ಪಾಠದ ದೊಡ್ಡ ಪಾಲು ಅವರ ಹೆಗಲ ಮೇಲಿತ್ತು. ಗಂಟೆಯ ಲೆಕ್ಕದ ಗೌರವಧನ, ಅದೂ ತಿಂಗಳುಗಟ್ಟಲೆ ತಡ. ಬಸ್ ಚಾರ್ಜಿಗೆ ದುಡ್ಡಿಲ್ಲದ ದಿನ ಬರುತ್ತಿರಲಿಲ್ಲ ಎಂದು ಅವರಲ್ಲೊಬ್ಬರು ಒಪ್ಪಿಕೊಂಡಿದ್ದರು. ಅವರ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಕೆಲಸ ಹೋಗುವುದು ಅವರದೇ. ಲೆಕ್ಕ ಕೇಳುವ ಕೈ ಯಾವಾಗಲೂ ಕೆಳಗಿನವನ ಕೊರಳಿಗೇ ಬೇಗ ತಲುಪುತ್ತದೆ. ಅವನು ಹತ್ತಿರದಲ್ಲಿರುತ್ತಾನೆ, ಎದುರು ಮಾತಾಡುವುದಿಲ್ಲ. ಬಹಳ ಹೊತ್ತು ವಾದ ಮಾಡಿ, ಅರ್ಜಿಯ ದಿಕ್ಕು ಬದಲಿಸಿದೆವು. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಉಪನ್ಯಾಸಕರ ಗೌರವಧನ ಯಾವ ತಿಂಗಳದು ಯಾವ ದಿನ ಬಿಡುಗಡೆಯಾಯಿತು. ಅರ್ಜಿ ಕಾಲೇಜಿಗಲ್ಲ, ಮೇಲಿನ ಕಚೇರಿಗೆ. ಬಂದ ಹಿಂಬರಹದಲ್ಲಿ ದಿನಾಂಕಗಳಿದ್ದವು. ಅವನ್ನು ಮರದಡಿ ಓದಿದಾಗ ನಮ್ಮ ಮೇಷ್ಟರು ಬಂದು ನಿಂತಿರಲಿಲ್ಲ, ಸ್ಟಾಫ್ ರೂಮಿನಲ್ಲೇ ಇದ್ದರು. ಆದರೆ ಅವತ್ತಿನಿಂದ ಸಂಕೋಚ ಎರಡೂ ಕಡೆಯಿಂದ ಕರಗಿತು. ಗೌರವಧನ ತಕ್ಷಣ ಬಂತೆಂದು ಹೇಳಲಾರೆ. ಬರಲಿಲ್ಲ.

ಹಾಸ್ಟೆಲಿನದು ಬೇರೆ ಥರದ ಪ್ರಕರಣ. ನಮ್ಮಲ್ಲಿ ಕೆಲವರು ಊರಿನ ಒಂದು ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿದ್ದರು. ಸಾರಿನಲ್ಲಿ ಬೇಳೆ ಕಾಣುತ್ತಿರಲಿಲ್ಲ. ಮಾಹಿತಿ ಹಕ್ಕು ಎಂದರೆ ಪ್ರತಿ ತೆಗೆದುಕೊಳ್ಳುವುದು ಮಾತ್ರವಲ್ಲ, ಹೋಗಿ ಕೂತು ಕಡತ ನೋಡಿ ಟಿಪ್ಪಣಿ ಮಾಡಿಕೊಳ್ಳುವುದೂ ಹಕ್ಕೇ. ಹಾಗೆ ದಾಸ್ತಾನು ಪುಸ್ತಕ ನೋಡಲು ಕೂತೆವು. ದಿನಸಿ ಬಂದಾಗ ವಿದ್ಯಾರ್ಥಿಗಳ ಆಹಾರ ಸಮಿತಿಯವರು ನೋಡಿ ಸಹಿ ಹಾಕಬೇಕು. ಸಹಿಗಳಿದ್ದವು, ಹೆಸರುಗಳೂ ಇದ್ದವು. ಅವರಲ್ಲಿ ಇಬ್ಬರು ಓದು ಮುಗಿಸಿ ಹಿಂದಿನ ವರ್ಷವೇ ಹಾಸ್ಟೆಲು ಬಿಟ್ಟು ಹೋಗಿದ್ದವರು. ಇಲ್ಲಿ ಸುಮ್ಮನಿರುವಿಕೆಯ ಮಾತಿಲ್ಲ. ಇದು ನೇರವಾಗಿ ಮೋಸ. ದೂರು ಕೊಟ್ಟೆವು. ವಿಚಾರಣೆ ಏನಾಯಿತೆಂದು ನಮಗೆ ಯಾರೂ ತಿಳಿಸಲಿಲ್ಲ. ಆದರೆ ನಿಲಯದ ಹುಡುಗರು ಸೇರಿ ಹೊಸ ಸಮಿತಿ ಆರಿಸಿದರು, ತೂಕದ ಯಂತ್ರ ಅಡುಗೆಮನೆ ಬಾಗಿಲಿಗೆ ಬಂತು. ಅಡುಗೆಯ ಅಜ್ಜಿ ನನ್ನ ಗೆಳೆಯನಿಗೆ ಹೇಳಿದಳಂತೆ: "ಬ್ಯಾಳೆ ಬರ್ದಿದ್ರೂ ಬೈಸ್ಕೊಳ್ತಿದ್ದೋಳು ನಾನು ಕಣಪ್ಪ. ಈಗ ನೀವೇ ತೂಗಿ ಕೊಡ್ತೀರಲ್ಲ."

ಆ ದೂರು ಕೊಟ್ಟ ಹೊತ್ತಿಗೆ ಮನೆಗಳಲ್ಲಿ ಭಯ ಸೇರಿಕೊಂಡಿತ್ತು. 2010ರ ಜನವರಿಯಲ್ಲಿ ಪುಣೆ ಹತ್ತಿರದ ತಳೇಗಾವ್‌ನಲ್ಲಿ ಭೂ ಹಗರಣಗಳನ್ನು ಮಾಹಿತಿ ಹಕ್ಕಿನಿಂದ ಬಯಲಿಗೆಳೆದ ಸತೀಶ್ ಶೆಟ್ಟಿ ಅವರನ್ನು ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಕೊಂದರು. ಜುಲೈನಲ್ಲಿ ಅಹಮದಾಬಾದಿನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತ ಅಮಿತ್ ಜೇಠ್ವಾ ಅವರ ಕೊಲೆಯಾಯಿತು. ಬಸ್ಸಿನ ಹುಡುಗಿಯ ಅಣ್ಣ ಪೇಪರು ತಂದು ಅವಳ ಮುಂದಿಟ್ಟನಂತೆ. ಅವಳು ಗುಂಪು ಬಿಡಲಿಲ್ಲ. ಅರ್ಜಿಗಳಿಗೆ ಅವಳ ಸಹಿ ಹಾಕಿಸುವುದನ್ನು ನಾವು ನಿಲ್ಲಿಸಿ, ಒಂದೊಂದು ಅರ್ಜಿಗೆ ಒಬ್ಬೊಬ್ಬರಂತೆ ಸರದಿ ಮಾಡಿಕೊಂಡೆವು. ಒಂದೇ ಹೆಸರು ಎದ್ದು ಕಾಣಬಾರದು ಎಂಬುದು ಲೆಕ್ಕಾಚಾರ.

2011ರ ಏಪ್ರಿಲ್‌ನಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಅಣ್ಣಾ ಹಜಾರೆ ಉಪವಾಸ ಕೂತಾಗ ನಮ್ಮೂರಿನಲ್ಲೂ ಮೆರವಣಿಗೆ ಹೊರಟಿತು. ಅದಿರಿನ ಲಾರಿಗಳ ಧೂಳು ಕುಡಿದ ಸೀಮೆ ನಮ್ಮದು. ಭ್ರಷ್ಟಾಚಾರದ ಮೇಲೆ ಜನರಿಗೆ ನಿಜವಾದ ಸಿಟ್ಟಿತ್ತು. ನಾನೂ ಹೋದೆ, ಕೂಗಿದೆ. ಆದರೆ ಮೆರವಣಿಗೆಗೆ ಬಂದ ನೂರಾರು ಹುಡುಗರಲ್ಲಿ ನಗದು ಪುಸ್ತಕದ ಮುಂದೆ ಕೂರಲು ಬಂದವರು ಬೆರಳೆಣಿಕೆಯಷ್ಟು ಮಂದಿ. ದೇಶ ಸರಿಯಾಗಬೇಕು ಎಂದು ಕೂಗುವ ಶಕ್ತಿ ನಮ್ಮಲ್ಲಿ ಬೇಕಾದಷ್ಟಿದೆ. ಎರಡು ಗಂಟೆ ಕೂತು ಜಮಾ ಖರ್ಚು ತಾಳೆ ನೋಡುವ ತಾಳ್ಮೆಯನ್ನು ಕಾಲೇಜಿನಲ್ಲೇ ಬೆಳೆಸದಿದ್ದರೆ ಆಮೇಲೆ ಅದು ಬರುವುದಿಲ್ಲ.

ನಾವು ಪದವಿ ಮುಗಿಸಿದ ವರ್ಷದ ಆಗಸ್ಟ್‌ನಲ್ಲಿ, ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರೀಕ್ಷಾರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ನಮ್ಮ ಕಿರಿಯರು ಅದನ್ನು ಹಿಡಿದು ಒಂದೆರಡು ವರ್ಷ ಚೆನ್ನಾಗಿ ಕೆಲಸ ಮಾಡಿದರು. ಆಮೇಲೆ ಗುಂಪು ಚದುರಿತು. ಪದವಿ ಕಾಲೇಜಿನ ಗುಂಪಿಗೆ ಮೂರು ವರ್ಷಕ್ಕೊಮ್ಮೆ ಹೊಸ ಜೀವ ಬರಬೇಕು. ಬರದ ವರ್ಷ ಅದು ನಿಲ್ಲುತ್ತದೆ. ಇದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ನಮ್ಮ ಕಾಲದಲ್ಲಿ ಶುರುವಾದ, ನೋಟೀಸ್ ಬೋರ್ಡಿನಲ್ಲಿ ಬಾಬ್ತುವಾರು ಜಮಾ ಖರ್ಚು ಹಾಕುವ ಪದ್ಧತಿ ಮಾತ್ರ ಆ ಪ್ರಾಂಶುಪಾಲರು ನಿವೃತ್ತರಾದ ಮೇಲೂ ಕೆಲವು ವರ್ಷ ನಡೆಯಿತು. ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿ ಅದು.

ಈಚೆಗೆ ಅದೇ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ಹಾಸ್ಟೆಲಿನ ಆಹಾರ ಸಮಿತಿಯ ಸಹಿ ಇರುವ ಪುಟಗಳನ್ನು ಕೇಳಿದ್ದಾಳೆ. ವೈಯಕ್ತಿಕ ಮಾಹಿತಿ ಎಂದು ಹಿಂಬರಹ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಇಲ್ಲವೇ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ನಿರಾಕರಿಸಬಹುದು ಎಂಬ ಮಿತಿ ಆ ಕಲಮಿನಲ್ಲಿತ್ತು. ತಿದ್ದುಪಡಿಯಲ್ಲಿ ಅದು ಹೋಗಿದೆ. ನಮಗೆ ಅಂದು ಮೋಸ ಗೊತ್ತಾದದ್ದೇ ಹಾಸ್ಟೆಲು ಬಿಟ್ಟು ಹೋಗಿದ್ದ ಆ ಇಬ್ಬರ ಹೆಸರುಗಳಿಂದ. ಈ ತಿದ್ದುಪಡಿ ನನ್ನನ್ನು ಬಹಳ ಕಾಡುತ್ತದೆ. ಹೆಸರು ಮುಚ್ಚಿದ ಹಾಜರಿ ಪಟ್ಟಿಯನ್ನು ಕೋಟ್ ಕಿರಾನಾದ ಕೂಲಿಯವರ ಮುಂದೆ ಓದಿದ್ದರೆ ಎದ್ದು ನಿಲ್ಲುವವರು ಯಾರು?

"ಹಾಗಾದ್ರೆ ಬಿಟ್ಟುಬಿಡಬೇಕಾ ಅಣ್ಣಾ?" ಎಂದಳು. ಬಿಡಬೇಡ ಎಂದೆ. ಮೇಲ್ಮನವಿಯಲ್ಲಿ 8(2)ನೇ ಕಲಂ ಎತ್ತಿ ಬರೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎಂಬುದು ಅಲ್ಲಿ ಇನ್ನೂ ಇದೆ. ಜೊತೆಗೆ ಬೇರೆ ಅರ್ಜಿ ಹಾಕು: ಪ್ರತಿ ತಿಂಗಳು ಸಮಿತಿ ಸೇರಿದ ದಿನಾಂಕ, ಸಹಿ ಹಾಕಿದವರ ಸಂಖ್ಯೆ, ಅವರಲ್ಲಿ ಆ ದಿನ ನಿಲಯದ ದಾಖಲಾತಿಯಲ್ಲಿ ಇದ್ದವರ ಸಂಖ್ಯೆ. ಹೆಸರು ಕೇಳಬೇಡ, ಸಂಖ್ಯೆ ಕೇಳು. ಎರಡೂ ಸಂಖ್ಯೆ ಹೊಂದುತ್ತವೆಯೋ ಇಲ್ಲವೋ ನೋಡೋಣ. ಅವಳು ಕರಡು ಬರೆದು ಕಳಿಸಿದ್ದಾಳೆ. ಇನ್ನೂರು ಪದ ದಾಟಿದೆ, ಮೂರು ಕಡೆ ಏಕೆ ಎಂದಿದೆ. ಈ ಭಾನುವಾರ ಕೂತು ತಿದ್ದಬೇಕು.